ದೊಡ್ಡ ಬೋರಿನ ರಿವಾಲ್ವರ್: ತಾಕತ್ತನ್ನು ಜೋಕಾಲಿ ಕಟ್ಟಿ ಅಳೆಯುವ ರೀತಿ

ದಸರೆಯಲ್ಲಿ ಬನ್ನಿ ಕೊಡಲು ಬರುವ ನಮ್ಮ ಓಣಿಯ ಹುಡುಗರು ನಮಸ್ಕಾರ ಮಾಡಿ ಎದ್ದು ನಿಲ್ಲುವುದರೊಳಗೆ ಕೇಳುವ ಪ್ರಶ್ನೆ ಒಂದೇ. "ಕಾಕಾ, ಎಲ್ಲಾದಕ್ಕಿಂತ ತಾಕತ್ತಿನ ರಿವಾಲ್ವರ್ ಯಾವ್ದ್ರಿ?" ನಾನು ಸೇನೆಯಲ್ಲಿ 24 ವರ್ಷ ಆರ್ಮರರ್ ಆಗಿದ್ದವನು, ಬಂದೂಕು ಹಾರಿಸಿದ್ದಕ್ಕಿಂತ ಬಿಚ್ಚಿ ಜೋಡಿಸಿದ್ದೇ ಹೆಚ್ಚು. ಹುಟ್ಟಿದ್ದು ಬೈಲಹೊಂಗಲ ತಾಲೂಕಿನಲ್ಲಿ, ಈಗ ಇರುವುದು ಬೆಳಗಾವಿಯ ಕ್ಯಾಂಪ್ ಕಡೆ. ಹುಡುಗರ ಪ್ರಶ್ನೆಗೆ ಒಂದು ಹೆಸರು ಹೇಳಿ ಕಳಿಸಬಹುದು. ಆದರೆ ಆ ಹೆಸರನ್ನು ಅವರು ಆಗಲೇ ಮೊಬೈಲಿನಲ್ಲಿ ನೋಡಿರುತ್ತಾರೆ. ಅವರಿಗೆ ಯಾರೂ ಹೇಳದೆ ಇರುವುದು, ತಾಕತ್ತು ಅಂದರೆ ಯಾವುದನ್ನು ಅಳೆದ ಲೆಕ್ಕ ಅನ್ನುವುದು.

ಎರಡು ಗುಂಡು ತಗೊಳ್ಳಿ. ಒಂದು ಹಳೆಯ .455 ಬೋರಿನ (ಬೋರ್ ಅಂದರೆ ನಳಿಕೆಯ ಒಳಗಿನ ಅಗಲ, ಇಲ್ಲಿ ಸುಮಾರಾಗಿ ಇಂಚಿನ ಲೆಕ್ಕ) ವೆಬ್ಲಿ ರಿವಾಲ್ವರಿನದು, ತೂಕ 17.2 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 183 ಮೀಟರ್. ಇನ್ನೊಂದು ಇವತ್ತಿನ 9 ಎಂಎಂ ಪಿಸ್ತೂಲಿನದು, ತೂಕ 8 ಗ್ರಾಂ, ವೇಗ ಸುಮಾರು 350 ಮೀಟರ್. ಚಲನಶಕ್ತಿ ಲೆಕ್ಕ ಹಾಕಿದರೆ ವೆಬ್ಲಿಗೆ 288 ಜೂಲ್, 9 ಎಂಎಂಗೆ 490 ಜೂಲ್. ಹಾಗಾದರೆ 9 ಎಂಎಂ ಗೆದ್ದಿತು. ಈಗ ತೂಕವನ್ನು ಕಿಲೋ ಲೆಕ್ಕದಲ್ಲಿ ಬರೆದು ವೇಗದಿಂದ ಗುಣಿಸಿ ಸಂವೇಗ ತೆಗೆಯಿರಿ. ವೆಬ್ಲಿಗೆ 3.15, 9 ಎಂಎಂಗೆ 2.8. ಈಗ ವೆಬ್ಲಿ ಗೆದ್ದಿತು. ಗುಂಡು ಅದೇ, ನಳಿಕೆ ಅದೇ, ಅಳತೆಗೋಲು ಬದಲಾದ ಕೂಡಲೆ ತೀರ್ಪೂ ಬದಲಾಯಿತು. ಶಕ್ತಿಯ ಲೆಕ್ಕದಲ್ಲಿ ವೇಗವನ್ನು ಎರಡು ಸಲ ಗುಣಿಸುತ್ತೇವೆ, ಸಂವೇಗದಲ್ಲಿ ಒಂದೇ ಸಲ. ಹಗುರ ಗುಂಡು ಜೋರಾಗಿ ಹೋದರೆ ಶಕ್ತಿಯಲ್ಲಿ ಮೆರೆಯುತ್ತದೆ, ಭಾರದ ಗುಂಡು ನಿಧಾನ ಹೋದರೂ ತಳ್ಳುವುದರಲ್ಲಿ ಬಿಟ್ಟುಕೊಡುವುದಿಲ್ಲ. ಕಾಡತೂಸಿನ ಡಬ್ಬಿಯ ಮೇಲೆ ಕಂಪನಿಗಳು ಅಚ್ಚು ಹಾಕುವುದು ಶಕ್ತಿಯ ಅಂಕಿ. ಗುರಿಕಾರರ ಪಂದ್ಯಗಳಲ್ಲಿ ಕೇಳುವ 'ಪವರ್ ಫ್ಯಾಕ್ಟರ್' ಮಾತ್ರ ಗ್ರೇನ್ (ಗುಂಡು ತೂಗುವ ಸಣ್ಣ ಇಂಗ್ಲಿಷ್ ಅಳತೆ) ತೂಕವನ್ನು ಅಡಿ ಲೆಕ್ಕದ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದ್ದು, ಅಂದರೆ ಸಂವೇಗವೇ. ಅದಕ್ಕೆ ನನ್ನ ಪದ್ಧತಿ ಎರಡನ್ನೂ ಅಳೆಯುವುದು, ಎರಡನ್ನೂ ಬರೆದಿಡುವುದು.

ದೊಡ್ಡ ಬೋರಿನ ಕಥೆ ಅಮೆರಿಕದ್ದು ಮತ್ತು ಇಂಗ್ಲೆಂಡಿನದು. 1847ರ ಕೋಲ್ಟ್ ವಾಕರ್ ಎರಡು ಕಿಲೋ ತೂಗುತ್ತಿತ್ತು, ಕರಿಮದ್ದು ತುಂಬಿ ಹೊಡೆಯುವುದು. ಸುಮಾರು 90 ವರ್ಷ ಅದನ್ನು ಮೀರಿಸುವ ರಿವಾಲ್ವರ್ ಮಾರುಕಟ್ಟೆಗೆ ಬರಲಿಲ್ಲ. 1935ರಲ್ಲಿ .357 ಮ್ಯಾಗ್ನಮ್ (ಮ್ಯಾಗ್ನಮ್ ಅಂದರೆ ಹೆಚ್ಚು ಜೋರಿನ ಕಾಡತೂಸು) ಬಂತು, 1955ರಲ್ಲಿ .44 ಮ್ಯಾಗ್ನಮ್, ಆಮೇಲೆ .454 ಕ್ಯಾಸುಲ್, 2003ರಲ್ಲಿ ಸ್ಮಿತ್ ಆಂಡ್ ವೆಸ್ಸನ್‌ನ .500. ಈ ಕೊನೆಯದರ ಶಕ್ತಿ 3,000 ಜೂಲ್ ದಾಟುತ್ತದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಮೇಲೆ ಜನರ ಬಳಿ ಇರುವುದು ಬಹಳ ಮಟ್ಟಿಗೆ ಕಾನ್ಪುರದ .32 ರಿವಾಲ್ವರ್, ಅದರದು 150 ಜೂಲಿನ ಆಸುಪಾಸು. ನಾನು ಕೈಯಾರೆ ಪರೀಕ್ಷೆ ಮಾಡಿದ ದೊಡ್ಡ ಬೋರ್ ಎಂದರೆ ನಮ್ಮ ವರ್ಕ್‌ಶಾಪಿಗೆ ಬಂದಿದ್ದ ಹಳೆಯ .455 ವೆಬ್ಲಿಗಳು. ಬ್ರಿಟಿಷ್ ಸೇನೆ ವೆಬ್ಲಿಯನ್ನು 1887ರಲ್ಲಿ ಒಪ್ಪಿಕೊಂಡಿತು. ಅಷ್ಟು ಹಳೆಯ ಮನೆತನದ ಆ ರಿವಾಲ್ವರನ್ನು ಮುಟ್ಟಿದಾಗ ನನಗೆ ಅಜ್ಜನ ಕೈ ಹಿಡಿದ ಹಾಗೆ ಆಗುತ್ತಿತ್ತು.

ಮೊದಲು ಜಾಗ, ಆಮೇಲೆ ಕಿವಿ

ಇಲ್ಲಿ ಹೇಳುವುದೆಲ್ಲ ಅಧಿಕೃತ ಫೈರಿಂಗ್ ರೇಂಜಿನಲ್ಲಿ, ರೇಂಜ್ ಅಧಿಕಾರಿಯ ಎದುರಿನಲ್ಲಿ, ಲೈಸೆನ್ಸ್ ಅಥವಾ ಕೆಲಸದ ಹಕ್ಕು ಇರುವವರು ಮಾಡುವಂಥದ್ದು. ಹೊಲದ ಬದುವಿನ ಹತ್ತಿರ, ಕಲ್ಲಿನ ಕ್ವಾರಿಯಲ್ಲಿ, ಮದುವೆ ಮೆರವಣಿಗೆಯಲ್ಲಿ ಅಲ್ಲ. ಸೇನೆಯ ಗುಂಡು ಹಿಡಿಸುವ ಆಯುಧಗಳು 1959ರ ಆಯುಧ ಕಾಯ್ದೆಯ ನಿಯಮಗಳಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ಲೈಸೆನ್ಸಿಗೆ ಸಿಗದವು. 2019ರ ತಿದ್ದುಪಡಿಯ ನಂತರ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವುದಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಇವೆ. ಮೇಲೆ ಹೋದ ಗುಂಡು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ. ಲೈಸೆನ್ಸ್ ಇಲ್ಲದ ವಿದ್ಯಾರ್ಥಿಗಳು ಇದೇ ಪಾಠವನ್ನು ಏರ್ ರೈಫಲಿನಲ್ಲಿ ಮಾಡಬಹುದು, ಅದನ್ನು ಮುಂದೆ ಹೇಳುತ್ತೇನೆ.

ವಿಜಯಪುರದ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ನೋಡಿದವರಿಗೆ ಅದರ ಪಕ್ಕದ ನೀರಿನ ತೊಟ್ಟಿಯ ಕಥೆ ಗೊತ್ತು. ತೋಪಿಗೆ ಬೆಂಕಿ ಕೊಟ್ಟವನು ಸಪ್ಪಳದಿಂದ ಕಿವಿ ಉಳಿಸಿಕೊಳ್ಳಲು ಆ ನೀರಿನಲ್ಲಿ ಮುಳುಗುತ್ತಿದ್ದ ಅಂತ ಹಿರಿಯರು ಹೇಳುತ್ತಾರೆ. ಆ ಕಥೆ ನಡೆದದ್ದೇ ಇರಲಿ, ಕಟ್ಟಿದ್ದೇ ಇರಲಿ, ಅದರೊಳಗಿನ ಬುದ್ಧಿ ನಿಜ. ದೊಡ್ಡ ಬೋರಿನ ರಿವಾಲ್ವರ್ 160 ಡೆಸಿಬಲ್ ಮುಟ್ಟುತ್ತದೆ. ಕಿವಿಯೊಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಬೇಕು. ನನ್ನ ಬಲಗಿವಿಯಲ್ಲಿ ಈಗಲೂ ರಾತ್ರಿ ಜೀರುಂಡೆ ಕೂಗುತ್ತದೆ. ತರುಣನಾಗಿದ್ದಾಗ "ಒಂದೇ ರೌಂಡ್ ಅಲ್ಲವಾ" ಅಂತ ಬರಿಗಿವಿಯಲ್ಲಿ ಹೊಡೆದದ್ದರ ಫಲ ಅದು. ಆ ಕಿವಿ ಇನ್ನು ಮರಳಿ ಬರುವುದಿಲ್ಲ.

ಕಣ್ಣಿಗೆ ಗಟ್ಟಿ ಕನ್ನಡಕ. ರಿವಾಲ್ವರಿನಲ್ಲಿ ಕಾಡತೂಸು ತುಂಬುವ, ತಿರುಗುವ ಸಿಲಿಂಡರಿಗೂ ನಳಿಕೆಗೂ ನಡುವೆ ಸಣ್ಣ ಸಂದು ಇರುತ್ತದೆ, 0.1ರಿಂದ 0.25 ಮಿಲಿಮೀಟರ್. ಗುಂಡು ಹಾರಿದಾಗ ಆ ಸಂದಿನಿಂದ ಬಿಸಿ ಗಾಳಿ ಮತ್ತು ಸೀಸದ ಪುಡಿ ಎರಡೂ ಬದಿಗೆ ಚಾಕುವಿನಂತೆ ಸಿಡಿಯುತ್ತವೆ. .460, .500ರಂಥ ಮ್ಯಾಗ್ನಮ್‌ಗಳಲ್ಲಿ ಅದು ಹೆಬ್ಬೆರಳನ್ನೇ ಹರಿಯಬಲ್ಲದು. ಪಿಸ್ತೂಲ್ ಹಿಡಿದ ರೂಢಿಯಲ್ಲಿ ಎಡಗೈ ಹೆಬ್ಬೆರಳನ್ನು ಮುಂದಕ್ಕೆ ಚಾಚುವವರು ರಿವಾಲ್ವರ್ ಹಿಡಿದಾಗ ಆ ರೂಢಿ ಬಿಡಲೇಬೇಕು. ಪಕ್ಕದಲ್ಲಿ ನಿಂತು ನೋಡುವವರು ಗುಂಡು ಹೊಡೆಯುವವನ ಹಿಂದೆ ಸರಿಯಬೇಕು, ಸಿಲಿಂಡರಿನ ಸಾಲಿನಲ್ಲಿ ಯಾರೂ ನಿಲ್ಲಕೂಡದು. ಉಸುಕಿನ ಚೀಲದ ಮೇಲೆ ರಿವಾಲ್ವರ್ ಇಟ್ಟು ಹೊಡೆಯುವುದಾದರೆ ಸಂದಿನ ಕೆಳಗೆ ದಪ್ಪ ಚರ್ಮದ ತುಂಡು ಹಾಸಿ. ಇಲ್ಲದಿದ್ದರೆ ನಾಲ್ಕನೆಯ ಗುಂಡಿಗೆ ಚೀಲ ಹರಿದು ಉಸುಕು ಸುರಿಯುತ್ತದೆ.

ಆರು ಖೋಲಿಗೆ ಆರು ಹೆಸರು

ರಿವಾಲ್ವರನ್ನು ಒಂದೇ ಬಂದೂಕು ಅಂತ ತಿಳಿಯಬೇಡಿ. ನಳಿಕೆ ಒಂದು, ಕಾಡತೂಸು ಕೂರುವ ಖೋಲಿ, ಅಂದರೆ ಚೇಂಬರ್, ಆರು. ಪ್ರತಿ ಚೇಂಬರಿನ ಬಾಯಿ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ, ನಳಿಕೆಯ ಎದುರು ನಿಲ್ಲುವ ರೀತಿಯೂ ಬೇರೆ. ಅದಕ್ಕೆ ಸಿಲಿಂಡರಿನ ಹೊರಮೈ ಮೇಲೆ ಅಳಿಸಬಹುದಾದ ಪೆನ್ನಿನಲ್ಲಿ 1ರಿಂದ 6ರವರೆಗೆ ಬರೆದುಕೊಳ್ಳಿ. ಪ್ರತಿ ವೇಗದ ಪಕ್ಕದಲ್ಲಿ ಅದು ಯಾವ ಖೋಲಿಯಿಂದ ಬಂತು ಅಂತ ಬರೆಯಿರಿ. ಒಂದು ವೆಬ್ಲಿಯಲ್ಲಿ ನಾಲ್ಕನೆಯ ಖೋಲಿ ಯಾವಾಗಲೂ ಹಿಂದೆ ಬೀಳುತ್ತಿತ್ತು. ಬೇರೆಯವರು ಕಾಡತೂಸು ಕೆಟ್ಟಿದೆ ಅಂದರು. ಅದೇ ಡಬ್ಬಿಯ ಗುಂಡುಗಳನ್ನು ಖೋಲಿ ಬದಲಾಯಿಸಿ ಹೊಡೆದು ನೋಡಿದೆ, ಆಗಲೂ ನಾಲ್ಕನೆಯದೇ ಹಿಂದೆ. ಬಿಚ್ಚಿ ಅಳೆದಾಗ ಆ ಖೋಲಿಯ ಬಾಯಿ ಸವೆದಿತ್ತು. ಸರಾಸರಿ ಮಾತ್ರ ಬರೆದಿದ್ದರೆ ಆ ಸವೆತ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು ಬಹಳ ಜನ ಬಿಟ್ಟುಬಿಡುತ್ತಾರೆ. .455, .45 ಕೋಲ್ಟ್, .38 ಇವೆಲ್ಲ ಕರಿಮದ್ದಿನ ಕಾಲದಲ್ಲಿ ಹುಟ್ಟಿದ ಅಥವಾ ಅದರ ಅಳತೆಯನ್ನೇ ಇಟ್ಟುಕೊಂಡ ತೋಟಾಗಳು. ಒಳಗೆ ಜಾಗ ಬಹಳ, ಈಗಿನ ಹೊಗೆಯಿಲ್ಲದ ಮದ್ದು ಸ್ವಲ್ಪ. ನಳಿಕೆ ಕೆಳಗೆ ಮಾಡಿ ಎತ್ತಿದರೆ ಮದ್ದು ಗುಂಡಿನ ಕಡೆ ಸರಿದಿರುತ್ತದೆ, ಮೇಲೆ ಮಾಡಿ ಇಳಿಸಿದರೆ ಹಿಂದೆ ಕಿಡಿ ಹುಟ್ಟಿಸುವ ಪ್ರೈಮರ್ ಕಡೆ. ಕಿಡಿ ಹತ್ತುವ ರೀತಿ ಬೇರೆಯಾಗಿ ವೇಗವೂ ಬೇರೆಯಾಗುತ್ತದೆ. ಅದಕ್ಕೆ ಪ್ರತಿ ಗುಂಡಿನ ಮೊದಲೂ ಒಂದೇ ಥರ ಮಾಡಿ. ರೇಂಜಿನ ನಿಯಮ ಒಪ್ಪುವ ದಿಕ್ಕಿನಲ್ಲಿ, ಬೆರಳು ಕುದುರೆಯಿಂದ (ಟ್ರಿಗರ್) ಹೊರಗಿಟ್ಟು, ನಳಿಕೆಯನ್ನು ಗುರಿಗುಡ್ಡದ ಕಡೆ ತುಸು ಮೇಲೆತ್ತಿ ನಿಧಾನ ಇಳಿಸುವುದು ನನ್ನ ರೂಢಿ. ಹಾಗೆ ಮಾಡಿದೆ ಅಂತ ವಹಿಯಲ್ಲಿ ಬರೆದೂ ಇಡುತ್ತೇನೆ.

ಮದ್ದಿಗೆ ಬಿಸಿಲು ತಾಗುವುದೂ ಲೆಕ್ಕಕ್ಕೆ ಬರಬೇಕು. ಬೆಳಗಾವಿಯ ಡಿಸೆಂಬರ್ ಬೆಳಿಗ್ಗೆ 14–15 ಡಿಗ್ರಿ, ಬಾಗಲಕೋಟೆ, ವಿಜಯಪುರ ಕಡೆ ಮೇ ಮಧ್ಯಾಹ್ನ 40 ದಾಟುತ್ತದೆ. ಬಿಸಿ ಮದ್ದು ಬೇಗ ಉರಿಯುತ್ತದೆ, ಒತ್ತಡವೂ ವೇಗವೂ ಏರುತ್ತವೆ. ಕಾಡತೂಸನ್ನು ಜೀಪಿನ ಬಾನೆಟ್ ಮೇಲೆ ಇಟ್ಟು ಮಧ್ಯಾಹ್ನ ಹೊಡೆದ ಅಂಕಿಯನ್ನು ಚಳಿಗಾಲದ ಅಂಕಿಯ ಪಕ್ಕ ಇಟ್ಟು ಹೋಲಿಸುವುದು ತಪ್ಪು. ನೆರಳಿನಲ್ಲಿ ಒಂದು ತಾಸು ಇಟ್ಟು, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು, ಆ ಅಂಕಿಯನ್ನೂ ಬರೆಯಬೇಕು.

ಜೋಕಾಲಿ

ನಮ್ಮ ಕಡೆ ನಾಗರಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ. ಬೇವಿನ ಮರಕ್ಕೆ ಹಗ್ಗ ಹಾಕಿ, ಮಣೆ ಕಟ್ಟಿ, ಅಕ್ಕತಂಗಿಯರು ಜೀಕುತ್ತಿದ್ದರು. ನಾನು ನೂಕುವವನು. ಎಷ್ಟು ಜೋರಾಗಿ ನೂಕಿದೆ ಅನ್ನುವುದು ಮಣೆ ಎಷ್ಟು ದೂರ ಹೋಯಿತು ಅನ್ನುವುದರಿಂದಲೇ ಗೊತ್ತಾಗುತ್ತಿತ್ತು, ಬೇರೆ ಸಾಕ್ಷಿ ಬೇಡ. ಗುಂಡಿನ ನೂಕನ್ನು ಅಳೆಯುವ ಹಳೆಯ ಯಂತ್ರ ಇದೇ. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ, ಗುಂಡು ಬಡಿದಾಗ ಜೋಕಾಲಿಯಂತೆ ತೂಗುವ ಈ ದಿಮ್ಮಿಯ ವಿವರ ಪ್ರಕಟಿಸಿದ. ಕಣ್ಣಿಗೆ ಕಾಣದ ವೇಗವನ್ನು ಒಂದು ದಿಮ್ಮಿ, ಒಂದು ರಿಬ್ಬನ್ ಇಟ್ಟುಕೊಂಡು ಅಳೆದ ಅವನ ಬುದ್ಧಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

ಕಟ್ಟುವುದು ಹೀಗೆ. ಕಬ್ಬಿಣದ ಅಡ್ಡತೊಲೆಯಿಂದ ನಾಲ್ಕು ತೆಳು ಉಕ್ಕಿನ ತಂತಿ ಇಳಿಬಿಡಿ, ಜೋಕಾಲಿ ಮಣೆಯ ನಾಲ್ಕು ಮೂಲೆಗೆ ಕಟ್ಟಿದ ಹಾಗೆ. ಎರಡೇ ತಂತಿ ಕಟ್ಟಿದರೆ ಪೆಟ್ಟು ಬಿದ್ದಾಗ ದಿಮ್ಮಿ ತಲೆಯಾಡಿಸುತ್ತದೆ, ನೂಕಿನ ಒಂದು ಪಾಲು ಆ ಆಟಕ್ಕೆ ಖರ್ಚಾಗುತ್ತದೆ. ನಾಲ್ಕೂ ತಂತಿ ಸಮ ಉದ್ದ, ಸುಮಾರು ಎರಡು ಮೀಟರ್. ಕೆಳಗೆ ದಿಮ್ಮಿಯಾಗಿ ಮುಂಬದಿ ತೆರೆದ ಉಕ್ಕಿನ ಪೆಟ್ಟಿಗೆ, ಹಿಂಬದಿಗೆ ದಪ್ಪ ಉಕ್ಕಿನ ತಗಡು, ಒಳಗೆ ಹಸಿ ಉಸುಕನ್ನು ಚೀಲದಲ್ಲಿ ಗಟ್ಟಿಯಾಗಿ ತುಂಬಿದ್ದು. ಮುಂಬದಿಗೆ ಲಾರಿ ಟ್ಯೂಬಿನ ರಬ್ಬರ್ ಹಾಳೆ ಬಿಗಿದು ಕಟ್ಟಬೇಕು. ಒಟ್ಟು ತೂಕ 10 ಕಿಲೋ ಇರಲಿ, ತಕ್ಕಡಿಯಲ್ಲಿ ಹಾಕಿ ಗ್ರಾಂ ಲೆಕ್ಕದಲ್ಲಿ ನೋಡಿ. ಇದು .455, .44ರ ಮಟ್ಟಕ್ಕೆ ಹೇಳಿದ್ದು, ಅದಕ್ಕೂ ಮೀರಿದ ಮ್ಯಾಗ್ನಮ್‌ಗೆ ಪೆಟ್ಟಿಗೆ ಇನ್ನೂ ಉದ್ದ, ಇನ್ನೂ ಭಾರ ಬೇಕು. ಯಾವುದೇ ಇರಲಿ, ಹಿಂದೆ ರೇಂಜಿನ ಮಣ್ಣಿನ ಗುಡ್ಡ ಇರಲೇಬೇಕು. ಪೆಟ್ಟಿಗೆಯ ಮೇಲೆ ನಂಬಿಕೆ ಇಟ್ಟು ಗುಡ್ಡ ಬಿಡಬೇಡಿ.

ಆ ರಬ್ಬರ್ ಹಾಳೆ ಸುಮ್ಮನೆ ಹೇಳಿದ್ದಲ್ಲ. ಮೊದಲ ಸಲ ನಾನು ಬರೀ ಮರದ ದಿಮ್ಮಿ ತೂಗುಬಿಟ್ಟಿದ್ದೆ, ಜಾಲಿ ಮರದ್ದು, ಗಟ್ಟಿ ಇರಲಿ ಅಂತ. ಗುಂಡು ಬಡಿದಾಗ ಸೀಸದ ಚೂರೊಂದು ತಿರುಗಿ ಬಂದು ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇರದಿದ್ದರೆ ಇವತ್ತು ಇದನ್ನು ಒಂದೇ ಕಣ್ಣಿನಲ್ಲಿ ಬರೆಯುತ್ತಿದ್ದೆ. ಅದೂ ಅಲ್ಲದೆ ಲೆಕ್ಕವೂ ಕೆಟ್ಟಿತು. ಚೂರು ಹಿಂದಕ್ಕೆ ಹಾರಿದರೆ ಅದು ದಿಮ್ಮಿಯನ್ನು ಇನ್ನಷ್ಟು ಮುಂದಕ್ಕೆ ನೂಕುತ್ತದೆ, ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಗುಂಡು ಒಳಗೆ ಹೋಗಿ ಒಳಗೇ ಕೂರಬೇಕು, ಏನೂ ಹೊರಗೆ ಬರಬಾರದು. ಈ ಪರೀಕ್ಷೆ ನಿಂತಿರುವುದೇ ಆ ಒಂದು ಷರತ್ತಿನ ಮೇಲೆ.

ನಳಿಕೆಯ ಬಾಯಿಂದ ಪೆಟ್ಟಿಗೆಗೆ ಐದು ಮೀಟರ್ ಅಂತರ ಬಿಡಿ. ನಡುವೆ ಗುಂಡು ಹಾಯುವಷ್ಟು ತೂತಿರುವ ರಟ್ಟಿನ ಪರದೆ ನಿಲ್ಲಿಸಿ, ಬಾಯಿಂದ ಬರುವ ಗಾಳಿಯ ಹೊಡೆತ ದಿಮ್ಮಿಗೆ ತಾಗದ ಹಾಗೆ. ಗುಂಡು ಪೆಟ್ಟಿಗೆಯ ನಟ್ಟನಡುವೆ ಬೀಳಬೇಕು, ಎರಡು ಬೆರಳು ಆಚೀಚೆ ಆದರೆ ಆ ಅಂಕಿ ಬಿಟ್ಟುಬಿಡಿ.

ಇನ್ನು ಅಳತೆ. ದಿಮ್ಮಿ ಎಷ್ಟು ಎತ್ತರಕ್ಕೆ ಏರಿತು ಅಂತ ಪಾಠದ ಪುಸ್ತಕ ಹೇಳುತ್ತದೆ, ಆದರೆ .455 ಗುಂಡಿಗೆ ಅದು ಬರೇ 5 ಮಿಲಿಮೀಟರ್, ಕಣ್ಣಳತೆಗೆ ಸಿಗುವುದಿಲ್ಲ. ಅಡ್ಡಕ್ಕೆ ಎಷ್ಟು ಸರಿಯಿತು ಅಂತ ಅಳೆಯಿರಿ, ಅದು 14 ಸೆಂಟಿಮೀಟರ್ ಬರುತ್ತದೆ. ಪೆಟ್ಟಿಗೆಯ ತಳಕ್ಕೆ ರಿಬ್ಬನ್ ಅಂಟಿಸಿ, ಅದು ಎರಡು ಅಂಚಿನ ನಡುವೆ ಸಡಿಲವಾಗಿ ಹಾಯುವ ಹಾಗೆ ಮಾಡಿದರೆ ದಿಮ್ಮಿ ಮುಂದೆ ಹೋದಾಗ ಎಳೆದುಕೊಂಡು ಹೋಗುತ್ತದೆ, ಹಿಂದೆ ಬಂದಾಗ ಅಲ್ಲೇ ಉಳಿಯುತ್ತದೆ. ರಾಬಿನ್ಸ್ ಮಾಡಿದ್ದೂ ಇದನ್ನೇ. ನಾನು ಟೇಲರ್ ಅಂಗಡಿಯ ಸ್ಯಾಟಿನ್ ರಿಬ್ಬನ್ ಬಳಸಿದೆ.

ತಂತಿಯ ಉದ್ದವನ್ನು ಟೇಪಿನಲ್ಲಿ ಅಳೆದು ಲೆಕ್ಕ ಮಾಡುವ ಬದಲು ಜೋಕಾಲಿಯ ಕಾಲ ಹಿಡಿಯಿರಿ. ಪೆಟ್ಟಿಗೆಯನ್ನು ಸ್ವಲ್ಪ ಎಳೆದು ಬಿಟ್ಟು, 20 ಸಲ ಹೋಗಿ ಬರುವುದಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಎರಡು ಮೀಟರ್ ತಂತಿಗೆ ಸುಮಾರು 56.7 ಸೆಕೆಂಡ್ ಬರಬೇಕು, ಅಂದರೆ ಒಂದು ಸುತ್ತಿಗೆ 2.84 ಸೆಕೆಂಡ್. ಆಮೇಲೆ ಲೆಕ್ಕ ಸುಲಭ. ಅಡ್ಡ ಸರಿದ ದೂರವನ್ನು ಮೀಟರಿನಲ್ಲಿ ಬರೆದು 6.283ರಿಂದ ಗುಣಿಸಿ, ಒಂದು ಸುತ್ತಿನ ಸೆಕೆಂಡಿನಿಂದ ಭಾಗಿಸಿ. ಬಂದದ್ದು ದಿಮ್ಮಿಯ ವೇಗ. 0.142 ಮೀಟರಿಗೆ ಅದು 0.314. ಅದನ್ನು ದಿಮ್ಮಿ ಮತ್ತು ಗುಂಡಿನ ಒಟ್ಟು ತೂಕದಿಂದ ಗುಣಿಸಿದರೆ ಸಂವೇಗ, 3.15. ಗುಂಡಿನ ತೂಕದಿಂದ, ಅಂದರೆ 0.0172 ಕಿಲೋದಿಂದ, ಭಾಗಿಸಿದರೆ ಗುಂಡಿನ ವೇಗ 183 ಮೀಟರ್. ಇದೇ ಜೋಕಾಲಿಯಲ್ಲಿ .32 ರಿವಾಲ್ವರ್ ಸುಮಾರು 6 ಸೆಂಟಿಮೀಟರ್ ತೋರಿಸುತ್ತದೆ, 9 ಎಂಎಂ ಹನ್ನೆರಡೂವರೆ, .44 ಮ್ಯಾಗ್ನಮ್ 29. ಒಂದು ಮಿಲಿಮೀಟರ್ ತಪ್ಪಿದರೆ .455ರಲ್ಲಿ ಸುಮಾರು 1.3 ಮೀಟರ್ ವೇಗ ತಪ್ಪುತ್ತದೆ. ಪ್ರತಿ ಗುಂಡು ಒಳಗೆ ಉಳಿಯುವುದರಿಂದ ದಿಮ್ಮಿಯ ತೂಕಕ್ಕೆ ಪ್ರತಿ ಸಲ 17 ಗ್ರಾಂ ಕೂಡಿಸುತ್ತ ಹೋಗಬೇಕು. ಆರು ಗುಂಡಿಗೆ ಅದೇ ಒಂದು ಶೇಕಡಾ ಆಗುತ್ತದೆ.

ಇಲ್ಲಿ ಒಂದು ವಿಷಯ ನನ್ನನ್ನು ಎಷ್ಟೋ ರಾತ್ರಿ ನಿದ್ದೆಗೆಡಿಸಿತ್ತು. ಗುಂಡು 288 ಜೂಲ್ ತಂದಿತು. ತೂಗಿದ ದಿಮ್ಮಿಯಲ್ಲಿ ಉಳಿದದ್ದು ಅರ್ಧ ಜೂಲ್. ಉಳಿದದ್ದು ಎಲ್ಲಿ ಹೋಯಿತು? ಉಸುಕು ಸರಿಸಲು, ಸೀಸ ಚಪ್ಪಟೆ ಮಾಡಲು, ಬಿಸಿಯಾಗಲು. ಗುಂಡು ಹೊಡೆದ ಕೂಡಲೆ ಮಾಡುವ ಕೆಲಸವೆಲ್ಲ ಆ ಕಳೆದುಹೋದ ಲೆಕ್ಕದಲ್ಲಿದೆ. ಆದರೆ ಸಂವೇಗ ಮಾತ್ರ ಒಂದು ಕಾಳೂ ಕಳೆಯದೆ ದಿಮ್ಮಿಗೆ ಸೇರುತ್ತದೆ. ಅದಕ್ಕೇ ಜೋಕಾಲಿ ನಂಬಿಗಸ್ತ. ಗುಂಡು ಬಡಿದವನು ಹತ್ತು ಅಡಿ ಹಿಂದೆ ಹಾರುವ ಸಿನಿಮಾ ದೃಶ್ಯ ಸುಳ್ಳು ಅನ್ನುವುದೂ ಇಲ್ಲೇ ಕಾಣುತ್ತದೆ. .455 ಗುಂಡಿಗೆ ಹತ್ತು ಕಿಲೋದ ಪೆಟ್ಟಿಗೆಯೇ ಒಂದು ಗೇಣು ಸರಿಯದಿದ್ದರೆ, ಅರವತ್ತು ಕಿಲೋದ ಮನುಷ್ಯ ಹಾರುವುದೆಲ್ಲಿ?

ಏರ್ ರೈಫಲ್ ಪಾಠಕ್ಕೆ ಇದನ್ನೇ ಸಣ್ಣದು ಮಾಡಿ. ಜೇಡಿಮಣ್ಣು ತುಂಬಿದ ಅರ್ಧ ಕಿಲೋ ಡಬ್ಬಿ, ಒಂದು ಮೀಟರ್ ದಾರ. ಅರ್ಧ ಗ್ರಾಮಿನ ಪೆಲೆಟ್ 170 ಮೀಟರ್ ವೇಗದಲ್ಲಿ ಬಂದರೆ ಡಬ್ಬಿ ಸುಮಾರು 5.4 ಸೆಂಟಿಮೀಟರ್ ಸರಿಯುತ್ತದೆ. 4.5 ಮಿಲಿಮೀಟರ್ ಬೋರಿನ, 20 ಜೂಲಿನೊಳಗಿನ ಏರ್ ರೈಫಲಿಗೆ 2016ರ ನಿಯಮದಲ್ಲಿ ಲೈಸೆನ್ಸ್ ಕೇಳುವುದಿಲ್ಲ. ಮೇಷ್ಟ್ರು ಎದುರಿಗಿರಬೇಕು, ಕನ್ನಡಕ ಇರಬೇಕು, ಹಿಂದೆ ಗಟ್ಟಿ ತಡೆ ಇರಬೇಕು. ಪಿಯುಸಿ ಮಕ್ಕಳಿಗೆ ಇದನ್ನು ತೋರಿಸಿದಾಗ ಸಂವೇಗದ ಸೂತ್ರ ಬಾಯಿಪಾಠ ಮಾಡಿದವರ ಮುಖ ಬದಲಾಗುವುದನ್ನು ನಾನು ನೋಡಿದ್ದೇನೆ.

ಕ್ರೋನೋಗ್ರಾಫ್

ಈಗಿನವರು ಕ್ರೋನೋಗ್ರಾಫ್ ಬಳಸುತ್ತಾರೆ, ಬಳಸಬೇಕು ಕೂಡ. ಎರಡು ಬೆಳಕಿನ ಕಣ್ಣು, ನಡುವೆ ಗೊತ್ತಿರುವ ಅಂತರ. ಗುಂಡಿನ ನೆರಳು ಮೊದಲ ಕಣ್ಣಿಗೆ ಬಿದ್ದಾಗ ಗಡಿಯಾರ ಶುರು, ಎರಡನೆಯದಕ್ಕೆ ಬಿದ್ದಾಗ ಬಂದ್. ಅಂತರ 60 ಸೆಂಟಿಮೀಟರ್ ಇದ್ದರೆ .455 ಗುಂಡು ಅದನ್ನು 3.3 ಮಿಲಿಸೆಕೆಂಡಿನಲ್ಲಿ ದಾಟುತ್ತದೆ.

ದೊಡ್ಡ ಬೋರಿನಲ್ಲಿ ಇದರ ದೊಡ್ಡ ಶತ್ರು ನಳಿಕೆಯ ಗಾಳಿ. ಯಂತ್ರವನ್ನು ನಾನು ಒಮ್ಮೆ ಎರಡು ಹೆಜ್ಜೆ ದೂರದಲ್ಲಿ ಇಟ್ಟಿದ್ದೆ. ವೆಬ್ಲಿಗೆ 400 ಮೀಟರ್ ವೇಗ ತೋರಿಸಿತು. ಆ ಅಂಕಿಯನ್ನು ನಾನು ಸಾಹೇಬರಿಗೆ ಒಪ್ಪಿಸಿಯೂ ಬಿಟ್ಟೆ. ಅವತ್ತು ಸಂಜೆ ಜೋಕಾಲಿಯ ಲೆಕ್ಕಕ್ಕೆ ಹೋಲಿಸಿದಾಗ ಅರ್ಧಕ್ಕರ್ಧ ವ್ಯತ್ಯಾಸ. ಗುಂಡಿಗಿಂತ ಮೊದಲು ಓಡಿದ ಗಾಳಿ ಮತ್ತು ಸುಡದ ಮದ್ದಿನ ಕಣಗಳನ್ನು ಯಂತ್ರ ಗುಂಡು ಅಂತ ಎಣಿಸಿತ್ತು. ಮರುದಿನ ಬೆಳಿಗ್ಗೆ ಹೋಗಿ ತಪ್ಪು ಒಪ್ಪಿಕೊಂಡು ವರದಿ ಹಿಂದಕ್ಕೆ ತಂದೆ. ಅಂದಿನಿಂದ ನಾಲ್ಕೂವರೆ ಮೀಟರಿಗಿಂತ ಹತ್ತಿರ ಇಟ್ಟಿಲ್ಲ, ಮತ್ತು ಒಂದೇ ಯಂತ್ರದ ಮಾತು ಕೇಳಿ ಅಂಕಿ ಒಪ್ಪಿಸಿಲ್ಲ.

ಬಿಸಿಲು ನೇರ ಕಣ್ಣಿಗೆ ಬಿದ್ದರೂ, ಟ್ಯೂಬ್‌ಲೈಟ್ ಮಿಣುಕಿದರೂ ಅಂಕಿ ಕುಣಿಯುತ್ತದೆ. ಮೇಲೆ ಬಿಳಿ ಪರದೆ ಹಾಕಿ, ತೆಳು ಮೋಡದ ದಿನ ಸಿಕ್ಕರೆ ಬಿಡಬೇಡಿ. ಬೆಳಗಾವಿಯಲ್ಲಿ ಮಳೆ ನಿಂತ ಸೆಪ್ಟೆಂಬರಿನ ಬೆಳಗು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಯಂತ್ರ ನಳಿಕೆಯ ಸಾಲಿಗೆ ನೇರ ಇರಬೇಕು. ವೇಗದಲ್ಲಿ ಶೇಕಡಾ 3 ತಪ್ಪಿದರೆ ಶಕ್ತಿಯಲ್ಲಿ ಶೇಕಡಾ 6 ತಪ್ಪುತ್ತದೆ ಅನ್ನುವುದು ನೆನಪಿರಲಿ. ಯಂತ್ರ ಅಡಿ ಮತ್ತು ಗ್ರೇನ್ ಲೆಕ್ಕ ಕೊಟ್ಟರೆ, ಅಡಿಯನ್ನು 0.3048ರಿಂದ, ಗ್ರೇನನ್ನು 0.0648ರಿಂದ ಗುಣಿಸಿ ಮೀಟರ್, ಗ್ರಾಂ ಮಾಡಿಕೊಳ್ಳಿ.

ಒಂದು ಖೋಲಿಗೆ ಕನಿಷ್ಠ ಮೂರು, ಒಟ್ಟು 18 ಗುಂಡು ನನ್ನ ಲೆಕ್ಕ. ಸರಾಸರಿಯ ಜತೆಗೆ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬರೆಯಿರಿ. ಭಾರದ ಹಿನ್ನೂಕಿನ ರಿವಾಲ್ವರಿನಲ್ಲಿ ಮತ್ತೊಂದು ನೋಡಬೇಕು. ಐದು ಗುಂಡು ಹೊಡೆದ ಮೇಲೆ ಆರನೆಯ ಕಾಡತೂಸನ್ನು ಹೊರಗೆ ತೆಗೆದು ಅಳೆಯಿರಿ. ಹಿನ್ನೂಕಿಗೆ ತೋಟಾ ಹಿಂದಕ್ಕೆ ಬರುತ್ತದೆ, ಜಡವಾದ ಗುಂಡು ಇದ್ದಲ್ಲೇ ನಿಲ್ಲಲು ನೋಡುತ್ತದೆ. ತೋಟಾದ ಬಾಯಿ ಗುಂಡನ್ನು ಹಿಡಿದ ಹಿಡಿತ ಸಡಿಲಿದ್ದರೆ ಗುಂಡು ಮುಂದಕ್ಕೆ ತೆವಳಿ ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳುತ್ತದೆ. ಅರ್ಧ ಮಿಲಿಮೀಟರ್ ತೆವಳಿದ್ದರೂ ಆ ಡಬ್ಬಿ ಆ ಬಂದೂಕಿಗೆ ಬೇಡ.

ಜೆಲಟಿನ್, ಮತ್ತು ನನಗೆ ಒಪ್ಪದ ಒಂದು ಪರೀಕ್ಷೆ

1904ರಲ್ಲಿ ಅಮೆರಿಕದ ಸೇನೆಗಾಗಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಯ ಅಂಗಳದಲ್ಲಿ ಬದುಕಿದ್ದ ದನಗಳ ಮೇಲೆ ರಿವಾಲ್ವರ್, ಪಿಸ್ತೂಲುಗಳನ್ನು ಪರೀಕ್ಷೆ ಮಾಡಿದರು. ಮನುಷ್ಯರ ಹೆಣಗಳನ್ನು ತೂಗುಬಿಟ್ಟು ಎಷ್ಟು ಅಲುಗಿದವು ಅಂತಲೂ ನೋಡಿದರು. .45ಕ್ಕಿಂತ ಕಡಿಮೆ ಬೋರ್ ಬೇಡ ಅನ್ನುವುದು ಅವರ ಶಿಫಾರಸು. ನಾನು ಎತ್ತು ಕಟ್ಟಿದ ಮನೆಯಲ್ಲಿ ಬೆಳೆದವನು, ಕಾರಹುಣ್ಣಿಮೆಗೆ ಅವುಗಳ ಕೊಂಬಿಗೆ ಬಣ್ಣ ಬಳಿದವನು. ಆ ವಿವರ ಓದಿದ ದಿನ ಊಟ ಸೇರಲಿಲ್ಲ. ನೋವಿನ ಮಾತು ಬದಿಗಿಟ್ಟರೂ ಅದು ಒಳ್ಳೆಯ ಪರೀಕ್ಷೆ ಅಲ್ಲ. ದನಗಳು ಕೆಲವೇ, ಗುಂಡು ಬಿದ್ದ ಜಾಗ ಬೇರೆ ಬೇರೆ, ಒಂದಕ್ಕೊಂದು ಹೋಲಿಸಲು ಬಾರದು.

ಗುಂಡು ಮೈಯೊಳಗೆ ಎಷ್ಟು ಆಳ ಹೋಗುತ್ತದೆ ಅಂತ ನೋಡಲು ಈಗ ಮಾಂಸದ ಬದಲಿಗೆ ಜೆಲಟಿನ್ ಗಡ್ಡೆ ಇದೆ. ಶೇಕಡಾ 10ರ ಲೆಕ್ಕದಲ್ಲಿ, ಅಂದರೆ ಒಂದು ಪಾಲು ಪುಡಿಗೆ ಒಂಬತ್ತು ಪಾಲು ನೀರು. 60 ಡಿಗ್ರಿ ದಾಟದ ಹಾಗೆ ಕರಗಿಸಿ. ಕುಂದಾ ಕಾಯಿಸುವವರ ಸಣ್ಣ ಉರಿಯ ತಾಳ್ಮೆ ಇಲ್ಲಿಯೂ ಬೇಕು, ಬಿಸಿ ಹೆಚ್ಚಾದರೆ ಹಿಡಿತ ಹೋಗುತ್ತದೆ. ಎರಡು ದಿನ 4 ಡಿಗ್ರಿಯಲ್ಲಿ ಇಟ್ಟು, ಹೊರಗೆ ತೆಗೆದ ಕೂಡಲೆ ಹೊಡೆಯಬೇಕು. ಅದಕ್ಕೂ ಮೊದಲು 4.5 ಮಿಲಿಮೀಟರಿನ ಉಕ್ಕಿನ ಚರೆಯನ್ನು ಏರ್ ಗನ್ನಿನಿಂದ 180 ಮೀಟರ್ ವೇಗದಲ್ಲಿ ಹೊಡೆದು ನೋಡಿ. ಅದು 8.5 ಸೆಂಟಿಮೀಟರ್ ಹೋಗಬೇಕು, ಒಂದು ಸೆಂಟಿಮೀಟರ್ ಆಚೀಚೆ ನಡೆಯುತ್ತದೆ. ಹೋಗದಿದ್ದರೆ ಆ ಗಡ್ಡೆ ಬಿಸಾಡಿ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಒಪ್ಪುವ ಆಳ 30ರಿಂದ 45 ಸೆಂಟಿಮೀಟರ್. ದೊಡ್ಡ ಬೋರಿನ ಗಟ್ಟಿ ಸೀಸದ ಗುಂಡು ಅದನ್ನು ದಾಟಿ ಹೋಗುವುದು ಸಾಮಾನ್ಯ, ಅದಕ್ಕೆ ಗಡ್ಡೆಯ ಹಿಂದೆ ಇನ್ನೊಂದು ಗಡ್ಡೆ ಇಡಬೇಕು.

ಹಿನ್ನೂಕು ಬಂದೂಕಿನ ತೂಕದ ಮೇಲೆ ನಿಂತಿದೆ. ವೆಬ್ಲಿ 1.1 ಕಿಲೋ, ಒದೆತ ನಾಲ್ಕೈದು ಜೂಲ್. .44 ಮ್ಯಾಗ್ನಮ್ 1.35 ಕಿಲೋ ಇದ್ದರೂ ಗುಂಡಿನ ಜತೆ ಮದ್ದಿನ ಗಾಳಿಯೂ ಸೇರಿ ಸುಮಾರು 25 ಜೂಲ್ ಕೈಗೆ ಕೊಡುತ್ತದೆ. ಹೊಸಬರ ಕೈಗೆ ಭಾರದ ರಿವಾಲ್ವರ್ ಕೊಡುವಾಗ ಮೊದಲು ಒಂದೇ ಕಾಡತೂಸು ತುಂಬಿ ಕೊಡಿ. ಒದೆತಕ್ಕೆ ಬೆಚ್ಚಿ ಬೆರಳು ಮತ್ತೆ ಕುದುರೆ ಎಳೆದರೆ ಎರಡನೆಯ ಗುಂಡು ಆಕಾಶಕ್ಕೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಕೈ, ಮುಖ ತಣ್ಣೀರು ಮತ್ತು ಸಾಬೂನಿನಲ್ಲಿ ತೊಳೆಯದೆ ಚಹಾ ಮುಟ್ಟಬೇಡಿ, ಸೀಸ ಹೊಟ್ಟೆಗೆ ಹೋಗುತ್ತದೆ. ಪೆಟ್ಟಿಗೆಯ ಉಸುಕನ್ನು ಜರಡಿ ಹಿಡಿದು ಸಿಕ್ಕ ಗುಂಡುಗಳನ್ನು ತೂಗಿ. 17.2 ಗ್ರಾಂ ಇದ್ದದ್ದು 16 ಆಗಿದ್ದರೆ ಉಳಿದ ಚೂರೂ ಜರಡಿಯಲ್ಲಿ ಸಿಗಬೇಕು, ಸಿಗದಿದ್ದರೆ ರಬ್ಬರ್ ಹಾಳೆ ನೋಡಿ. ಆಮೇಲೆ ವಹಿ. ನನ್ನದರ ಒಂದು ಸಾಲು ಹೀಗಿರುತ್ತದೆ: ದಿನಾಂಕ, ನೆರಳಿನ ಉಷ್ಣತೆ 24, ಖೋಲಿ 3, ಗುಂಡು 17.2 ಗ್ರಾಂ, ನಳಿಕೆ ಮೇಲೆತ್ತಿ ಇಳಿಸಿದ್ದು, ಕ್ರೋನೋಗ್ರಾಫ್ 184, ಜೋಕಾಲಿ 14.2 ಸೆಂಟಿಮೀಟರ್, ಅದರಿಂದ 183, ಸಂವೇಗ 3.15, ಶಕ್ತಿ 288. ಹುಡುಗರು ಈ ಸಲ ಬನ್ನಿ ಕೊಡಲು ಬಂದಾಗ ಆ ಪುಟವನ್ನೇ ಅವರ ಮುಂದೆ ತೆರೆದು ಇಟ್ಟೆ.